ಜರಡಿ ಕೆಳಗಿನ ಹನ್ನೊಂದು ಹಾಡು

ತಗಡಿನ ಬಿಸ್ಕೀಟ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಸಂಗನಬಸವನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಮೇಲಿನ ಚೀಟಿಯಲ್ಲಿ ಅವನದೇ ದುಂಡು ಅಕ್ಷರ: ‘ಖಡಕ್ ರೊಟ್ಟಿ ಬ್ಯಾಂಡ್. ಉಳಿದ ಹಾಡು ಹನ್ನೊಂದು. ಪ್ರತಿ ಎರಡು. ಬಿಸಿಲಿಗೆ ಇಡಬಾರದು.’ ಚೀಟಿಯೇನೋ ನೆಟ್ಟಗಿತ್ತು. ಅದರ ಕೆಳಗಿದ್ದ ಎರಡು ಸೀಡಿಗಳು ಮಾತ್ರ ಸೀಡಿಗಳ ಹಾಗಿರಲಿಲ್ಲ. ಕನ್ನಡಿಯಂತೆ ಹೊಳೆಯಬೇಕಾದ ಮೈ ಅಂಚಿನಿಂದ ನಡುವಿನವರೆಗೆ ಚಹಾದ ಗಸಿಯ ಬಣ್ಣಕ್ಕೆ ತಿರುಗಿತ್ತು. ಬಾಗಿಲ ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಹೊರಗಿನ ದ್ರಾಕ್ಷಿ ತೋಟದ ಹಸಿರು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು.

ಅವನು ನಿಂತಿದ್ದದ್ದು ತಿಕೋಟಾದ ತಮ್ಮ ಒಣದ್ರಾಕ್ಷಿ ಶೆಡ್ಡಿಗೆ ಹೊಂದಿಕೊಂಡ ಗಂಧಕದ ಖೋಲಿಯಲ್ಲಿ. ಒಣಗಿಸಿದ ದ್ರಾಕ್ಷಿಯನ್ನು ಇಲ್ಲಿಗೆ ತಂದು, ಬಾಗಿಲು ಮುಚ್ಚಿ, ಗಂಧಕದ ಹೊಗೆ ಕೊಡುತ್ತಾರೆ. ಬಣ್ಣ ಹಸನಾಗುತ್ತದೆ, ಹುಳ ಹತ್ತುವುದಿಲ್ಲ. ಇಲಿ ಈ ಕಡೆ ಸುಳಿಯುವುದಿಲ್ಲ, ಗೆದ್ದಲು ಏಳುವುದಿಲ್ಲ. ವರ್ಷಗಟ್ಟಲೆ ಕೆಡದಂತೆ ಏನನ್ನಾದರೂ ಇಡಬೇಕೆಂದರೆ ಇದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ ಎಂದು ಇಪ್ಪತ್ತೈದರ ಸಂಗನಬಸವ ಯೋಚಿಸಿದ್ದ. ಒಂದು ಪ್ರತಿ ಹಾಳಾದರೆ ಇನ್ನೊಂದಿರಲಿ ಎಂದು ಎರಡು ಮಾಡಿಸಿ, ಎರಡನ್ನೂ ಅದೇ ಭದ್ರ ಜಾಗದಲ್ಲಿ, ಒಂದೇ ಡಬ್ಬಿಯಲ್ಲಿ ಇಟ್ಟಿದ್ದ. ಹೊಗೆ ಕೊಡುವ ದಿನ ಅವನ ತಾಯಿ ಗುರುಸಿದ್ದವ್ವ ಈ ಖೋಲಿಗೆ ಬರುವ ಮೊದಲು ಬೆಳ್ಳಿಯ ಕಾಲುಂಗುರ ಬಿಚ್ಚಿ ಗೂಡಿನಲ್ಲಿಡುತ್ತಿದ್ದದ್ದನ್ನು ಅವನು ಸಣ್ಣಂದಿನಿಂದ ನೋಡಿದ್ದ. ಬಿಚ್ಚದಿದ್ದರೆ ಕಪ್ಪಾಗುತ್ತವೆ ಎಂದು ಅವಳು ಹೇಳಿದ್ದನ್ನು ಕೇಳಿಯೂ ಇದ್ದ. ಕಾಲುಂಗುರಕ್ಕೂ ಸೀಡಿಗೂ ಏನು ಸಂಬಂಧ ಎಂದು ಆಗ ಯಾರಿಗೆ ಹೊಳೆಯಬೇಕು?

ಸೋಮವಾರದೊಳಗೆ ಆ ಹನ್ನೊಂದು ಹಾಡು ಪುಣೆಗೆ ಮುಟ್ಟಬೇಕಿತ್ತು. ಅಂದು ಶನಿವಾರ.

ಖಡಕ್ ರೊಟ್ಟಿ ಎಂಬ ಪಂಕ್ ಬ್ಯಾಂಡ್ ಒಂದು ಕಾಲಕ್ಕೆ ವಿಜಯಪುರದಲ್ಲಿ ಇತ್ತು ಎಂಬುದು ಈಗ ವಿಜಯಪುರದವರಿಗೇ ಗೊತ್ತಿಲ್ಲ. ಹಾಡಲಿಕ್ಕೆ ವಿದ್ಯಾವತಿ, ಗಿಟಾರಿಗೆ ಪ್ರತಾಪ, ಡ್ರಮ್ಮಿಗೆ ಸಂಗನಬಸವ. ಪಂಕ್ ಅಂದರೇನು ಎಂದು ಯಾರಾದರೂ ಕೇಳಿದರೆ ಪ್ರತಾಪನ ಉತ್ತರ ಒಂದೇ: ‘ಮೂರು ಸ್ವರ, ಎರಡು ನಿಮಿಷ, ಒಂದು ಜಗಳ.’ ಎಂಟು ದಿನಕ್ಕೊಮ್ಮೆ ಬರುವ ನಳದ ನೀರಿನ ಮೇಲೆ ಹಾಡು, ಹೋದ ಕರೆಂಟಿನ ಮೇಲೆ ಹಾಡು, ಬಸ್ ಪಾಸಿನ ಮೇಲೆ ಹಾಡು. ಎಂಟು ಹಾಡಿನ ಒಂದು ಸೀಡಿ ಮಾಡಿ ನೂರು ಪ್ರತಿ ಹಂಚಿದರು. ಆ ಸೀಡಿಗೆ ಸೇರದೆ ಉಳಿದ ಹನ್ನೊಂದು ಹಾಡುಗಳನ್ನು ಕಾಯುವ ಜವಾಬ್ದಾರಿಯನ್ನು ಸಂಗನಬಸವನಿಗೆ ಕೊಟ್ಟರು. ಬಸ್ಸಿನಿಂದ ಇಳಿದ ಮೇಲೂ ಟಿಕೇಟನ್ನು ಮಡಿಚಿ ಜೇಬಿನಲ್ಲಿಟ್ಟುಕೊಳ್ಳುವ ಮನುಷ್ಯ ಅವನು. ಬೇರೆ ಯಾರಿಗೆ ಕೊಡುತ್ತಾರೆ?

ಪುಣೆಯಲ್ಲಿ ಕುನಾಲ ಎಂಬೊಬ್ಬ ಹಳೆಯ ಪಂಕ್ ಬ್ಯಾಂಡುಗಳ ಹಾಡು ಹುಡುಕಿ ಸಂಗ್ರಹ ಮಾಡಿ ರೆಕಾರ್ಡು ಹೊರತರುತ್ತಾನೆ. ಎಲ್ಲಿಯೋ ಆ ನೂರರಲ್ಲಿ ಒಂದು ಸೀಡಿ ಅವನ ಕೈಗೆ ಸಿಕ್ಕಿತ್ತು. ಅವನಿಗೆ ಬೇಕಾದದ್ದು ಆ ಎಂಟಲ್ಲ, ಯಾರೂ ಕೇಳದ ಹನ್ನೊಂದು. ಸಂಗ್ರಹದ ಹೆಸರನ್ನು ವಿದ್ಯಾವತಿ ಇಟ್ಟಿದ್ದಳು: ‘ಜರಡಿ ಕೆಳಗಿನವು’. ಒಣದ್ರಾಕ್ಷಿ ಸೋಸುವಾಗ ದಪ್ಪನೆಯವು ಮೇಲೆ ಉಳಿದು ಪೇಟೆಗೆ ಹೋಗುತ್ತವೆ, ಸಣ್ಣವು ಕೆಳಗೆ ಬೀಳುತ್ತವೆ. ಸಣ್ಣವೇ ಸಿಹಿ ಎಂಬುದು ಸೋಸುವ ಹೆಂಗಸರಿಗೆ ಗೊತ್ತು.

ಸಂಗನಬಸವ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬೈಕು ಹತ್ತಿದ. ತಾಯಿ ನಾಷ್ಟಾಕ್ಕೆ ಕರೆದದ್ದು ಅವನಿಗೆ ಕೇಳಿಸಲಿಲ್ಲ.

ಸೊಲ್ಲಾಪುರ ರಸ್ತೆಯಲ್ಲಿ ಪ್ರತಾಪನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳ ನಡುವೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದವನು ಸೀಡಿಯನ್ನು ಒಮ್ಮೆ ತಿರುಗಿಸಿ ನೋಡಿದ, ಮೂಗಿಗೆ ಹಿಡಿದು ಮೂಸಿದ.

‘ಇದನ್ನ ಎಲ್ಲಿ ಇಟ್ಟಿದ್ದೆಲೇ?’

‘ಗಂಧಕದ ಖೋಲ್ಯಾಗ.’

‘ಯಾಕ, ಒಲ್ಯಾಗ ಜಾಗ ಇದ್ದಿದ್ದಿಲ್ಲೇನ?’

‘ಚೇಷ್ಟಿ ಮಾಡಬ್ಯಾಡ ಪ್ರತಾಪ. ಏನರ ಬರ್ತೈತೇನ ನೋಡು.’

ಪ್ರತಾಪ ಹಳೆಯ ಕಂಪ್ಯೂಟರಿಗೆ ಹಾಕಿ ನೋಡಿದ. ಅದು ಕರಕರ ಎಂದು ತಿರುಗಿ, ನಿಂತು, ಮತ್ತೆ ತಿರುಗಿ ತಟ್ಟೆಯನ್ನು ಹೊರಗೆ ಉಗುಳಿತು. ಎರಡನೆಯದೂ ಹಾಗೆಯೇ. ‘ಒಳಗಿನ ಬೆಳ್ಳಿ ತಿಂದುಬಿಟ್ಟೈತಿ ನಿನ್ನ ಗಂಧಕ. ಹೋತು. ಇನ್ನ ಬ್ರಹ್ಮ ಬಂದ್ರೂ ಆಗೂದಿಲ್ಲ.’

‘ಲ್ಯಾಪ್‌ಟಾಪನ್ಯಾಗ ರೆಕಾರ್ಡ್ ಮಾಡಿದ್ದಿ ಅಲ್ಲ, ಅದು?’

‘ಅದು ಸತ್ತು ಹತ್ತು ವರ್ಷ ಆತು. ತಿಥಿನೂ ಮಾಡೇನಿ.’ ಪ್ರತಾಪ ನಗಲು ಹೋಗಿ ಗೆಳೆಯನ ಮುಖ ನೋಡಿ ಸೀಡಿಗಳನ್ನು ತಿರುಗಿ ಡಬ್ಬಿಯಲ್ಲಿಟ್ಟ. ‘ಮತ್ತೊಮ್ಮೆ ಬಾರ್ಸೂಣ ಅಂದ್ರ ನಾವಿಬ್ರೂ ಬಾರ್ಸೇವು. ವಿದ್ಯಾ ಹಾಡೂದು ಹ್ಯಾಂಗ? ಹೋಗು, ಆಕಿಗೆ ಇದ್ದದ್ದು ಇದ್ದಂಗ ಹೇಳು. ಆಕಿ ಹೊಡದ್ರ ನಿನ್ನ ಪಾಲಿಂದು.’

ಅದೇ ದೊಡ್ಡ ಸಂಕಟ. ಕಳೆದ ವರ್ಷ ವಿದ್ಯಾವತಿಗೆ ಥೈರಾಯಿಡ್ ಆಪರೇಷನ್ ಆಗಿತ್ತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಈಗ ಅವಳು ಮಾತಾಡಿದರೆ ಜೋಳದ ಒಣ ಎಲೆಯ ರವದಿ ತುಳಿದ ಸಪ್ಪಳ. ಎರಡು ಸಾಲಿಗಿಂತ ಹೆಚ್ಚು ಜೋರಾಗಿ ಮಾತಾಡಿದರೆ ಕುತ್ತಿಗೆ ಹಿಡಿದುಕೊಂಡು ನಿಲ್ಲುತ್ತಾಳೆ. ಅವಳ ಆ ಹಳೆಯ ದನಿ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಮೊದಲ ಸೀಡಿಯ ಎಂಟು ಹಾಡಿನಲ್ಲಿ ಮತ್ತು ಈ ಡಬ್ಬಿಯಲ್ಲಿ. ಎಂಟರಲ್ಲಿ ಅವಳು ಪೂರ್ತಿ ಹಾಡಿದ್ದು ಎರಡೇ. ಉಳಿದವು ಪ್ರತಾಪನ ಅರಚಾಟ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಫ್ಲೆಕ್ಸ್ ಅಂಗಡಿ. ಮದುವೆ, ಹುಟ್ಟುಹಬ್ಬ, ಗೆದ್ದವರು, ಸೋತವರು, ತೀರಿಕೊಂಡವರು, ಎಲ್ಲರ ಮುಖವೂ ಅಲ್ಲಿಯೇ ಅಚ್ಚಾಗಬೇಕು. ಸಂಗನಬಸವ ಒಳಗೆ ಕಾಲಿಟ್ಟಾಗ ಅವಳು ಕಂಪ್ಯೂಟರಿನಲ್ಲಿ ಸಂಗ್ರಹದ ಮುಖಪುಟವನ್ನೇ ಮಾಡುತ್ತಿದ್ದಳು. ಕಪ್ಪು ಹಿನ್ನೆಲೆ, ನಡುವೆ ಒಂದು ಜರಡಿ, ಕೆಳಗೆ ಉದುರುವ ಹನ್ನೊಂದು ಒಣದ್ರಾಕ್ಷಿ.

‘ಬಾರಪ್ಪಾ, ನಮ್ಮ ಖಜಾನಿ ಮಾಲಕ!’ ಎಂದಳು. ಆ ಸೀಳು ದನಿಯಲ್ಲೂ ನಗು ಇತ್ತು. ‘ನೋಡು, ಈಗ ನನ್ನ ದನಿ ಖರೇ ಪಂಕ್ ಆಗೇತಿ. ಆದ್ರ ಹಾಡಾಕ ಬರೂದಿಲ್ಲ. ದೇವರಿಗೆ ಟೈಮಿಂಗ್ ಗೊತ್ತಿಲ್ಲ ನೋಡು.’

ಅವನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದ.

‘ತಂದೀಯೇನ?’

‘ಹಾಂ... ಇಲ್ಲ. ಪ್ರತಾಪ ಸ್ವಚ್ಛ ಮಾಡಾಕತ್ತಾನ. ಸೋಮವಾರ...’

‘ಸಾವಕಾಶ ಮಾಡ್ಲಿ. ನನಗ ಗಡಬಡಿ ಏನಿಲ್ಲ, ಆ ಕುನಾಲಗ ಐತಿ.’ ಅವಳು ಕುರ್ಚಿ ತಿರುಗಿಸಿದಳು. ‘ಒಂದ ಹಾಡು ಕೇಳ್ಬೇಕು ನನಗ. “ಹುಡುಗಿ ನೋಡಾಕ ಬಂದಾರ” ಅನ್ನೂ ಹಾಡು. ನನ್ನ ಮಗಳಿಗೆ ಹೇಳಿದ್ರ ನಂಬೂದೇ ಇಲ್ಲ, ಅವ್ವಾ ನೀ ಹಂಗ ಒದರ್ತಿದ್ದೇನ ಅಂತಾಳ. ಹದಿಮೂರು ವರ್ಷ ಆತು. ಆ ತುಡುಗ ಸೊಹೇಲ ನಿನ್ನ ಚೀಲದಾಗಿಂದ ಸೀಡಿ ಕದಿಲಿಲ್ಲಂದ್ರ ನಾವು ಇನ್ನೂ ನಾಕು ವರ್ಷ ಬಾರಸ್ತಿದ್ವಿ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸಂಗನಬಸವನ ಕೈ ಚೀಲದ ಬಾಯಿಗೆ ಹೋಯಿತು. ಕಪ್ಪಾದ ಸೀಡಿಯ ವಿಷಯ ಹೇಗಾದರೂ ಹೇಳಿಬಿಡಬಹುದಿತ್ತು. ಅದರ ಹಿಂದೆ ಇನ್ನೊಂದು ಮಾತಿತ್ತು, ಅದು ಹದಿಮೂರು ವರ್ಷದಿಂದ ಹೊರಗೆ ಬಂದಿರಲಿಲ್ಲ.

ಸೊಹೇಲ ಕದ್ದಿರಲಿಲ್ಲ. ತಿಕೋಟಾ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಮೊಬೈಲ್ ಅಂಗಡಿ ಇತ್ತು. ಮೆಮೊರಿ ಕಾರ್ಡಿನ ಸಣ್ಣ ಚಿಪ್ಪಿನಲ್ಲಿ ಹಾಡು ತುಂಬಿಸಿಕೊಡುವ ಕಾಲ ಅದು. ತನ್ನ ಫೋನಿಗೆ ತಮ್ಮದೇ ಹಾಡಿನ ರಿಂಗ್‌ಟೋನ್ ಇರಲಿ ಎಂಬ ಒಂದು ಸಣ್ಣ ಆಸೆಗೆ ಸಂಗನಬಸವನೇ ಹನ್ನೊಂದು ಹಾಡಿನ ಸೀಡಿ ಒಯ್ದು ಸೊಹೇಲನ ಕೈಗೆ ಕೊಟ್ಟಿದ್ದ. ಸೊಹೇಲನಿಗೆ ಹಾಡು ಹಿಡಿಸಿತು. ಹಿಡಿಸಿದ್ದನ್ನು ಹಂಚುವುದೇ ಅವನ ಕಸುಬು. ಬಂದ ಬಂದ ಟ್ರ್ಯಾಕ್ಟರ್ ಡ್ರೈವರುಗಳಿಗೆಲ್ಲ ತುಂಬಿದ. ಹದಿನೈದು ದಿನದಲ್ಲಿ ವಿದ್ಯಾವತಿಯ ದೊಡ್ಡಪ್ಪ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಒಂದು ಟ್ರ್ಯಾಕ್ಟರು ಅವಳ ದನಿಯನ್ನು ಊರಿಗೆಲ್ಲ ಸಾರುತ್ತ ಹೋಯಿತು. ಅದೂ ಹೆಣ್ಣು ನೋಡಲು ಬಂದವರನ್ನು ಅಣಕಿಸುವ ಹಾಡು, ಅದೂ ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದ ಹೊತ್ತಿನಲ್ಲಿ. ಅವಳನ್ನು ಬ್ಯಾಂಡಿನಿಂದ ಬಿಡಿಸಿದರು. ಬ್ಯಾಂಡು ಅಲ್ಲಿಗೆ ಮುಗಿಯಿತು. ಪ್ರತಾಪ ಸಿಟ್ಟಿಗೆದ್ದು ಹೋಗಿ ಸೊಹೇಲನ ಕಂಪ್ಯೂಟರನ್ನು ರಸ್ತೆಗೆ ಎಸೆದ. ‘ನಾ ಕದ್ದಿಲ್ಲ, ಸಂಗೂನ ಕೊಟ್ಟಾನ!’ ಎಂದು ಸೊಹೇಲ ಬಸ್‌ಸ್ಟ್ಯಾಂಡು ತುಂಬ ಕೂಗಿದ. ಯಾರೂ ನಂಬಲಿಲ್ಲ. ಟಿಕೇಟು ಮಡಿಚಿಡುವ ಸಂಗನಬಸವ ಸೀಡಿ ಕೊಡುತ್ತಾನೆಯೇ? ಎಲ್ಲರೂ ಸಂಗನಬಸವನ ಕಡೆ ನೋಡಿದರು. ಅವನು ನೆಲ ನೋಡಿದ. ಅಷ್ಟೇ ಅವನು ಮಾಡಿದ್ದು. ಸೊಹೇಲ ಸೀಡಿ ತಿರುಗಿ ಕೊಟ್ಟು, ತಿಂಗಳೊಪ್ಪತ್ತಿನಲ್ಲಿ ಅಂಗಡಿ ಎತ್ತಿ ಬಬಲೇಶ್ವರಕ್ಕೆ ಹೋದ.

‘ಯಾಕೋ, ಮಾರಿ ಯಾಕ ಹಂಗ ಮಾಡೀ?’ ವಿದ್ಯಾವತಿ ಕೇಳಿದಳು.

‘ಏನಿಲ್ಲ. ಹೊಟ್ಟಿ ಹಸದೈತಿ.’

‘ಹಂಗಾರ ತಿಂದು ಹೋಗು.’

‘ಬ್ಯಾಡ, ಬಬಲೇಶ್ವರಕ್ಕ ಹೋಗ್ಬೇಕು.’

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ಅವನಿಗೇ ಅರ್ಥವಾಯಿತು, ಹೋಗಲೇಬೇಕು ಎಂದು. ಆ ಹನ್ನೊಂದು ಹಾಡನ್ನು ಅಂದು ಯಾರಾದರೂ ನಕಲು ಮಾಡಿದ್ದರೆ ಸೊಹೇಲನೊಬ್ಬನೇ.

ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಬಬಲೇಶ್ವರದ ದಾರಿಯಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಕಾರ್ಖಾನೆಯ ಕಡೆ ಹೊರಟಿದ್ದವು. ಒಂದೊಂದರ ಮೇಲೆ ನಾಲ್ಕು ನಾಲ್ಕು ಸ್ಪೀಕರು. ಒಂದನ್ನು ದಾಟುವಷ್ಟರಲ್ಲಿ ಇನ್ನೊಂದರ ಹಾಡು ಎದುರಾಗುತ್ತಿತ್ತು. ಏನೆಂದು ಮಾತು ತೆಗೆಯಬೇಕು ಎಂದು ಸಂಗನಬಸವ ಹತ್ತು ಬಗೆಯಲ್ಲಿ ಜೋಡಿಸಿದ. ಪ್ರತಿ ಬಗೆಯಲ್ಲೂ ಕೊನೆಗೆ ಸೊಹೇಲ ಕಪಾಳಕ್ಕೆ ಬಾರಿಸುತ್ತಿದ್ದ.

ಸೊಹೇಲನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಟ್ರ್ಯಾಕ್ಟರಿಗೆ ಸ್ಪೀಕರು ಕೂಡಿಸುವ ಅಂಗಡಿ ಅದು, ಅರ್ಧ ಮೈಲಿಯಿಂದಲೇ ಎದೆ ನಡುಗಿಸುತ್ತದೆ. ತಲೆಯ ಮುಂದಿನ ಕೂದಲು ಹೋಗಿ, ಗಡ್ಡದಲ್ಲಿ ನೆರೆ ಬಂದಿದ್ದ ಸೊಹೇಲ ಸ್ಟೂಲಿನ ಮೇಲೆ ಕೂತು ತಂತಿಗೆ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಿ ನೋಡಿದ. ಬೆಸುಗೆ ಮುಗಿಸಿಯೇ ಮಾತಾಡಿದ.

‘ಅರೆ, ಸಂಗು ಭಾಯಿ. ಕಂಪ್ಯೂಟರ್ ಒಳಗೈತಿ. ಒಡೆಯಾಕ ಪ್ರತಾಪನ್ನ ಕರಕೊಂಡು ಬಂದಿಲ್ಲೇನ?’

ಜೋಡಿಸಿಕೊಂಡ ಹತ್ತು ಬಗೆಯೂ ಹಾರಿಹೋದವು. ಸಂಗನಬಸವ ಚೀಲದಿಂದ ಡಬ್ಬಿ ತೆಗೆದು ಸ್ಟೂಲಿನ ಪಕ್ಕ ಇಟ್ಟ. ಮುಚ್ಚಳ ತೆಗೆದು ತೋರಿಸಿದ. ಪುಣೆಯ ಕುನಾಲ, ವಿದ್ಯಾವತಿಯ ಆಪರೇಷನ್ನು, ಗಂಧಕ, ಕಾಲುಂಗುರ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಸೊಹೇಲ ಸೀಡಿಯ ತೂತಿನಿಂದ ಬಿಸಿಲು ನೋಡಿದ.

‘ಗಂಧಕದಾಗ ಇಟ್ಟೀದಿ?’

‘ಹೂಂ.’

‘ಎರಡೂ?’

‘ಹೂಂ.’

ಸೊಹೇಲ ತೊಡೆ ತಟ್ಟಿಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ನಗು ಒಮ್ಮೆಲೇ ನಿಂತಿತು. ‘ನನಗ ಹಾಡು ಕೇಳಾಕ ಬಂದೀ. ಹದಿಮೂರು ವರ್ಷದಾಗ ಒಮ್ಮೆ ಅರ, ಸೊಹೇಲ್ಯಾ ಸತ್ತಾನೋ ಅದಾನೋ ಅಂತ ಬಂದಿಯೇನ? ನಮ್ಮಪ್ಪ ಸಾಯೂತನ ಕೇಳ್ತಿದ್ದ, ಬೇಟಾ, ಖರೇನ ಕದ್ದೇನ ಅಂತ. ತಿಕೋಟಾದಾಗ ನಮ್ಮ ಮನಿತನಕ್ಕ ಒಂದು ಹೆಸರಿತ್ತು.’

‘ತಪ್ಪಾತು.’

‘ನನಗ ಯಾಕ ಹೇಳ್ತೀ? ನನಗ ಗೊತ್ತೈತಲ್ಲ, ನೀನ ಕೊಟ್ಟೀ ಅಂತ. ಗೊತ್ತಿಲ್ಲದವರಿಗೆ ಹೇಳು.’ ಅವನು ಸಂಗನಬಸವನ ಜೇಬಿನಲ್ಲಿದ್ದ ಫೋನಿನ ಕಡೆ ಬೆರಳು ಮಾಡಿದ. ‘ವಿದ್ಯಾಗ ಹಚ್ಚು. ಸ್ಪೀಕರ್ ಮ್ಯಾಲ ಇಡು. ಸೊಹೇಲ ತುಡುಗ ಅಲ್ಲ ಅನ್ನು. ಆಮ್ಯಾಲ ಹಾಡಿನ ಮಾತು.’

‘ಸೋಮವಾರ ಎದುರಿಗೆ ಕುಂತು...’

‘ಸಂಗು. ಈಗ.’

ಸಂಗನಬಸವನ ಹೆಬ್ಬೆರಳು ಎರಡು ಸಲ ತಪ್ಪು ಹೆಸರಿನ ಮೇಲೆ ಒತ್ತಿತು. ಮೂರನೆಯ ಸಲ ಫೋನು ಹೋಯಿತು.

‘ಹೇಳೋ. ಊಟ ಆತಿಲ್ಲೋ?’ ವಿದ್ಯಾವತಿಯ ಸೀಳು ದನಿ ಅಂಗಡಿಯಲ್ಲಿ ಕೇಳಿದ್ದೇ ಸೊಹೇಲನ ಮುಖದ ಬಿಗಿ ಸಡಿಲಾಯಿತು. ಅವನಿಗೆ ನೆನಪಿದ್ದದ್ದು ಬೇರೆ ದನಿ.

‘ವಿದ್ಯಾ, ನಡಬರಕ ಮಾತಾಡಬ್ಯಾಡ. ಮಾತಾಡಿದ್ರ ನನಗ ಹೇಳಾಕ ಆಗೂದಿಲ್ಲ. ಸೀಡಿ ಹಾಳಾಗ್ಯಾವ. ಎರಡೂ. ಗಂಧಕದ ಖೋಲ್ಯಾಗ ಇಟ್ಟಿದ್ದೆ, ಕರ್ರಗ ಆಗ್ಯಾವ. ಮುಂಜಾನೆ ಹೇಳಾಕ ಬಂದಿದ್ದೆ, ಆಗಲಿಲ್ಲ.’ ಅವನು ಉಸಿರು ಎಳೆದುಕೊಂಡ. ‘ಇನ್ನೊಂದೈತಿ. ಸೊಹೇಲ ಸೀಡಿ ಕದ್ದಿಲ್ಲ. ನಾನ ಕೊಟ್ಟೆ. ರಿಂಗ್‌ಟೋನ್ ಸಂಬಂಧ. ಪ್ರತಾಪ ಕಂಪ್ಯೂಟರ್ ಒಗದಾಗ ನಾ ಸುಮ್ಮ ನಿಂತೆ. ಬ್ಯಾಂಡ್ ಮುಗಿದದ್ದು ನನ್ನಿಂದ. ಅಷ್ಟ.’

ಆ ಕಡೆ ಫ್ಲೆಕ್ಸ್ ಮಷಿನ್ನಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಹಿಂದೆ ಮುಂದೆ, ಹಿಂದೆ ಮುಂದೆ.

‘ಈಗ ಎಲ್ಲದೀ?’

‘ಬಬಲೇಶ್ವರ. ಸೊಹೇಲನ ಅಂಗಡ್ಯಾಗ.’

ಫೋನು ಕಟ್ಟಾಯಿತು.

ಸಂಗನಬಸವ ಫೋನಿನ ಕಪ್ಪು ಗಾಜನ್ನು ನೋಡುತ್ತ ಕೂತ. ಇಷ್ಟು ವರ್ಷ ಅವನು ಹೆದರಿದ್ದು ಈ ಗಳಿಗೆಗೇ. ಅದು ಬಂದು, ಎದುರಿಗೆ ನಿಂತು, ದಾಟಿಹೋಗಿತ್ತು. ಎದೆಯ ಮೇಲಿದ್ದ ಏನೋ ಒಂದು ಪಕ್ಕಕ್ಕೆ ಸರಿದಂತೆ ಇತ್ತು. ಉಸಿರು ಕೆಳಗಿನವರೆಗೆ ಹೋಗಿ ಬರುತ್ತಿತ್ತು.

‘ಈಗ ಹಾಡು ಕೊಡು’ ಎಂದ.

‘ನನ್ನ ಕಡೆ ಎಲ್ಲಿ ಅದಾವ?’ ಸೊಹೇಲ ಮತ್ತೆ ಬೆಸುಗೆಯ ಕಡ್ಡಿ ಎತ್ತಿಕೊಂಡ. ‘ನನ್ನ ಕಂಪ್ಯೂಟರ್ ನಿಮ್ಮ ಪ್ರತಾಪ ರಸ್ತೇಕ ಒಗದಿದ್ದ, ಮರತೀಯೇನ? ಅದರ ಜೋಡಿ ಹಾಡೂ ಹೋದ್ವು.’

ಸಂಗನಬಸವ ಬಾಯಿ ತೆರೆದ.

‘ಮೊದಲ ಹಂಗ ಹೇಳಿದ್ರ ನೀ ಫೋನ್ ಹಚ್ಚತಿದ್ದಿಲ್ಲ, ತಿರುಗಿ ತಿಕೋಟಾ ಹಾದಿ ಹಿಡೀತಿದ್ದಿ. ಬಾಯಿ ಮುಚ್ಚು, ನೊಣ ಹೊಕ್ಕೀತು. ನನ್ನ ಕಡೆ ಇಲ್ಲ ಅಂದೆ. ಎಲ್ಲೂ ಇಲ್ಲ ಅಂದೆನೇನ?’ ಅವನು ಗೋಡೆಯ ಗಡಿಯಾರ ನೋಡಿದ. ‘ಬಾಬು ಅಂತ ಒಬ್ಬ ಅದಾನ. ಕಬ್ಬಿನ ಟ್ರ್ಯಾಕ್ಟರ್. ನನ್ನ ಹಳೇ ಗಿರಾಕಿ. ಸ್ಪೀಕರ್ ಮೂರು ಸಲ ಬದಲಿ ಮಾಡ್ಯಾನ, ಟ್ರ್ಯಾಕ್ಟರ್ ಒಮ್ಮೆ ಬದಲಿ ಮಾಡ್ಯಾನ, ಹಾಡಿನ ಚಿಪ್ ಮಾತ್ರ ಅದ ಹಳೇದ. ಹೊಸಾವು ತುಂಬ್ಸಿಕೋ ಅಂದ್ರ, ಬ್ಯಾಡ್ರಿ, ನಮ್ಮ ಮನ್ಯಾಕಿ ಬೈತಾಳ ಅಂತಾನ. ಕಾರ್ಖಾನಿಗೆ ಖೇಪ್ ಹಾಕಾಕ ಹೋಗ್ಯಾನ. ಬರ್ತಾನ, ಕುಂಡ್ರು.’

ಸುಮ್ಮನೆ ಕೂತು ದಾರಿ ನೋಡುವುದು ಸಂಗನಬಸವನಿಗೆ ಒಗ್ಗಿದ ಕೆಲಸವಲ್ಲ. ಆ ಚಿಪ್ಪು ಕಳೆದಿದ್ದರೆ? ಅದರಲ್ಲಿ ಬೇರೆ ಹಾಡು ತುಂಬಿದ್ದರೆ? ಹನ್ನೊಂದರಲ್ಲಿ ಆರೇ ಇದ್ದರೆ? ಸೊಹೇಲ ಚಹಾ ತರಿಸಿದ. ಅದು ಆರಿ ಕೆನೆ ಕಟ್ಟಿತು. ದೂರದಲ್ಲಿ ಟ್ರ್ಯಾಕ್ಟರು ಕೇಳಿದಾಗಲೆಲ್ಲ ಅವನು ಬಾಗಿಲಿಗೆ ಹೋಗುತ್ತಿದ್ದ. ‘ಅದು ಅಲ್ಲ’ ಎಂದು ಸೊಹೇಲ ತಲೆ ಎತ್ತದೆ ಹೇಳುತ್ತಿದ್ದ. ಮುಕ್ಕಾಲು ತಾಸಿನ ಮೇಲೆ ಬಾಗಿಲ ಮುಂದೆ ಬಂದು ನಿಂತದ್ದು ಟ್ರ್ಯಾಕ್ಟರಲ್ಲ, ಪ್ರತಾಪನ ಬೈಕು. ಹಿಂದೆ ವಿದ್ಯಾವತಿ.

ಅವಳು ಇಳಿದು ಸಂಗನಬಸವನನ್ನು ಕಾಣದವಳ ಹಾಗೆ ದಾಟಿ ಸೀದಾ ಸೊಹೇಲನ ಮುಂದೆ ನಿಂತಳು.

‘ಸೊಹೇಲಣ್ಣಾ. ಹದಿಮೂರು ವರ್ಷ ನಿನ್ನ ತುಡುಗ ಅಂದೇನಿ. ಸಿಕ್ಕವರ ಮುಂದ ಎಲ್ಲಾ ಅಂದೇನಿ.’

‘ಕೇಳೇನಿ. ಬಬಲೇಶ್ವರತನ ಬಂದಿತ್ತು.’

‘ಇನ್ನ ಸಿಕ್ಕವರ ಮುಂದ ಎಲ್ಲಾ ತಿರುಗಿ ಹೇಳ್ತೀನಿ. ಈ ದನೀಲೆ ಹದಿಮೂರು ವರ್ಷ ಹಿಡೀತೈತಿ.’ ಅವಳು ಕುತ್ತಿಗೆ ಹಿಡಿದುಕೊಂಡಳು.

ಪ್ರತಾಪ ಹಿಂದೆ ನಿಂತು ಕಾಲಿನಿಂದ ನೆಲ ಕೆದರುತ್ತಿದ್ದ. ‘ಆ ಕಂಪ್ಯೂಟರ್...’ ಎಂದ.

‘ಪೆಂಟಿಯಮ್ ಫೋರ್’ ಎಂದ ಸೊಹೇಲ. ‘ಸಾಯಾಕ ಬಂದಿತ್ತು. ನೀ ಪುಣ್ಯಾ ಕಟ್ಕೊಂಡಿ. ಕುಂಡ್ರು.’

ಆಮೇಲೆ ವಿದ್ಯಾವತಿ ಸಂಗನಬಸವನ ಕಡೆ ತಿರುಗಿದಳು. ಅವನು ಎದ್ದು ನಿಂತ. ಅವಳು ಕೈ ಎತ್ತಿದಳು, ಅವನು ಕಣ್ಣು ಮುಚ್ಚಿದ. ಹೊಡೆತ ಬೀಳಲಿಲ್ಲ. ತೆರೆದು ನೋಡಿದರೆ ಅವಳು ಡಬ್ಬಿಯಿಂದ ಚೀಟಿ ಎತ್ತಿ ಓದುತ್ತಿದ್ದಳು.

‘ಬಿಸಿಲಿಗೆ ಇಡಬಾರದು’ ಎಂದಳು. ‘ಸಂಗ್ಯಾ, ನಿನ್ನ ಮ್ಯಾಲ ಸಿಟ್ಟು ಮಾಡಬೇಕಂತ ದಾರಿ ತುಂಬ ಶಬ್ದ ಕೂಡಿಸ್ಕೊಂಡು ಬಂದಿದ್ದೆ. ಇದನ್ನ ಓದಿದ ಮ್ಯಾಲ ಒಂದೂ ನೆನಪಾಗವೊಲ್ದು. ಆಮ್ಯಾಲ ನೆನಪಾದಾಗ ಬೈತೀನಿ, ತಪ್ಪಿಸ್ಕೋಬ್ಯಾಡ.’

‘ಇಲ್ಲ’ ಎಂದ ಸಂಗನಬಸವ. ಅವನಿಗೆ ಬೈಸಿಕೊಳ್ಳುವ ಆ ದಿನ ಈಗಲೇ ಬೇಕೆನಿಸಿತು.

ಆ ಹೊತ್ತಿಗೆ ರಸ್ತೆಯ ತಿರುವಿನಿಂದ ಡ್ರಮ್ಮಿನ ಸಪ್ಪಳ ಬಂತು. ಸಂಗನಬಸವನ ಕೈಬೆರಳುಗಳಿಗೆ ಮೊದಲು ಗೊತ್ತಾಯಿತು. ತಲೆಗೆ ಆಮೇಲೆ. ಅದು ಅವನದೇ ಬಾರಿಸಾಟ, ಮೂರನೆಯ ಸುತ್ತಿನಲ್ಲಿ ಗಡಬಡಿಸಿ ಒಂದು ಪೆಟ್ಟು ಮುಂದೆ ಓಡುವ ಬಾರಿಸಾಟ. ಸೊಹೇಲ ಬೆಸುಗೆಯ ಕಡ್ಡಿ ಕೆಳಗಿಟ್ಟು, ‘ಅದ’ ಎಂದ.

ಖಾಲಿ ಟ್ರೇಲರು ಕುಣಿಸುತ್ತ ಟ್ರ್ಯಾಕ್ಟರು ಬಂತು. ಸ್ಟೇರಿಂಗ್ ಹಿಂದೆ ತಲೆಗೆ ಟವೆಲು ಸುತ್ತಿದ ಬಾಬು, ಪಕ್ಕದ ಮಡ್‌ಗಾರ್ಡಿನ ಮೇಲೆ ಅವನ ಹೆಂಡತಿ ಚಂದ್ರಾಬಾಯಿ, ಸೆರಗಿನ ಮೇಲೆ ಗಂಡನದೊಂದು ಹಳೆಯ ಅಂಗಿ, ಕೈಯಲ್ಲಿ ಕಬ್ಬಿನ ಜಲ್ಲೆ. ಹಾಡು ಮುಗಿಯಿತು. ಮುಂದಿನದು ಶುರುವಾಗುವ ಮೊದಲು ಸ್ಪೀಕರಿನಿಂದ ಒಬ್ಬ ಗಂಟಲು ಬಿರಿಯುವಂತೆ ಕೂಗಿದ:

‘ಸೊಹೇಲ ಮೊಬೈಲ್! ಬಸ್‌ಸ್ಟ್ಯಾಂಡ್ ಎದುರು! ತಿಕೋಟಾ! ತಿಕೋಟಾ! ತಿಕೋಟಾ!’

‘ಯಾ ಅಲ್ಲಾ’ ಎಂದು ಸೊಹೇಲ ಮುಖ ಮುಚ್ಚಿಕೊಂಡ. ಆ ಕಾಲಕ್ಕೆ ಹಾಡು ತುಂಬುವ ಅಂಗಡಿಯವರೆಲ್ಲ ಪ್ರತಿ ಹಾಡಿನ ತಲೆಗೆ ತಮ್ಮ ಹೆಸರು ಕೂಗಿ ಅಂಟಿಸುತ್ತಿದ್ದರು. ಅದು ಅವನದೇ ಇಪ್ಪತ್ತೆರಡರ ದನಿ.

ಆ ಕೂಗಿನ ಬೆನ್ನಿಗೇ ವಿದ್ಯಾವತಿ ಬಂದಳು.

‘ನಡದು ತೋರಸು ಅಂದ್ರು, ಓಡಿ ತೋರಸ್ಲೇನ?
ಹಾಡಿ ತೋರಸು ಅಂದ್ರು, ಒದರಿ ತೋರಸ್ಲೇನ?
ಅಡಗಿ ಬರ್ತೈತೇನ ಅಂದ್ರು, ಹಸಿವು ಬರ್ತೈತಿ ನನಗ!’

ದನಿ ಬಾರುಕೋಲಿನಂತಿತ್ತು. ರಸ್ತೆ ದಾಟುತ್ತಿದ್ದ ನಾಯಿಯೊಂದು ನಿಂತು ನೋಡಿತು. ಚಂದ್ರಾಬಾಯಿ ಮಡ್‌ಗಾರ್ಡಿನ ಮೇಲಿಂದ ಕಬ್ಬಿನ ಜಲ್ಲೆ ಎತ್ತಿ, ‘ಹಸಿವು ಬರ್ತೈತಿ ನನಗ!’ ಎಂದು ಒಂದು ಮಾತ್ರೆಯೂ ತಪ್ಪದೆ ದನಿಗೂಡಿಸಿದಳು. ಎರಡನೆಯ ನುಡಿಯಲ್ಲಿ ಅವಳು ತನ್ನದೇ ಎರಡು ಶಬ್ದ ಸೇರಿಸಿಕೊಂಡಿದ್ದಳು. ಮೂಲಕ್ಕಿಂತ ಅವೇ ಚೆನ್ನಾಗಿದ್ದವು.

ವಿದ್ಯಾವತಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಎಂದು ಸಂಗನಬಸವ ಹೆದರಿದ. ಅವಳು ಬಾಯಿ ಸ್ವಲ್ಪ ತೆರೆದು, ತುಟಿ ಕದಲಿಸುತ್ತ, ತನ್ನ ಜೊತೆ ತಾನೇ ಹಾಡುತ್ತಿದ್ದಳು. ಸಪ್ಪಳ ಬರುತ್ತಿರಲಿಲ್ಲ.

ಹಾಡು ಮುಗಿದ ಮೇಲೆ ಬಾಬು ಇಂಜಿನ್ನು ಆರಿಸಿದ. ‘ಏನ್ ಸೊಹೇಲಣ್ಣಾ, ಮಂದಿ ಕೂಡ್ಯಾರ?’

‘ಬಾಬು, ಈ ಹಾಡು ಹಾಡಿದಾಕಿ ಇವರು.’

ಬಾಬು ವಿದ್ಯಾವತಿಯನ್ನು ನೋಡಿದ, ಸ್ಪೀಕರನ್ನು ನೋಡಿದ. ‘ಚೇಷ್ಟಿ ಬ್ಯಾಡ್ರಿ. ಇವರು ಮುಂಬೈದವರಂತ, ಸತ್ತು ಹೋಗ್ಯಾರಂತ ಮಂದಿ ಹೇಳ್ತಿದ್ರು.’

‘ನೀ ಸುಮ್ಮನಿರು’ ಎನ್ನುತ್ತ ಚಂದ್ರಾಬಾಯಿ ಜಲ್ಲೆ ಕೆಳಗಿಟ್ಟು ಇಳಿದು ಬಂದಳು. ‘ಯವ್ವಾ, ಖರೇನ ನೀವ ಏನ್ರಿ? ನನ್ನ ನೋಡಾಕ ಬಂದಾಗ ನಾನೂ ಹಿಂಗ ಅನ್ಬೇಕು ಅಂತ ಭಾಳ ಇತ್ರಿ. ಬಾಯಿ ಬರಲಿಲ್ಲ. ಈ ಮನಷ್ಯಾನ್ನ ಮಾಡಿಕೊಂಡ ಮ್ಯಾಲ ಟ್ರ್ಯಾಕ್ಟರನ್ಯಾಗ ಇದನ್ನ ಕೇಳಿದೆ. ಕಬ್ಬು ಕಡಿಯೂ ಮುಂದ ಇದನ್ನ ಅಂದ್ರ ಕೈ ಝಟ್ ಝಟ್ ಹೋಗ್ತಾವ್ರಿ. ನಮ್ಮ ಗ್ಯಾಂಗಿನ ಹೆಣ್ಮಕ್ಕಳಿಗೆಲ್ಲಾ ಬರ್ತೈತಿ. ಒಂದು ಸಲ ಅಂದು ತೋರಿಸ್ರಿ.’

ವಿದ್ಯಾವತಿ ಕುತ್ತಿಗೆಯ ಮೇಲಿನ ಹೊಲಿಗೆಯ ಗುರುತು ತೋರಿಸಿದಳು. ‘ನನಗ ಈಗ ಬರೂದಿಲ್ಲವ್ವಾ. ನೀ ಅನ್ನು. ನಾ ಕೇಳ್ತೀನಿ.’

ಚಂದ್ರಾಬಾಯಿ ನಾಚಲಿಲ್ಲ. ಅಲ್ಲಿಯೇ, ರಸ್ತೆಯ ಬದಿಯಲ್ಲಿ, ಸೊಂಟಕ್ಕೆ ಕೈಯಿಟ್ಟು ಪೂರ್ತಿ ಹಾಡಿದಳು. ಪ್ರತಾಪ ಡಬ್ಬಿಯ ಮುಚ್ಚಳ ಎತ್ತಿಕೊಂಡು ತಾಳ ಹಾಕಲು ಹೋದ, ಸಂಗನಬಸವ ಅದನ್ನು ಅವನ ಕೈಯಿಂದ ಕಸಿದುಕೊಂಡು ತಾನೇ ಹಾಕಿದ.

ಸೊಹೇಲ ಚಿಪ್ಪನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ಹಾಡು ಎಣಿಸಿದ. ಸಂಗನಬಸವ ಅವನ ಹೆಗಲ ಮೇಲಿಂದ ಬಗ್ಗಿ, ಬೆರಳು ಮಡಿಚುತ್ತ ನಿಂತಿದ್ದ. ನಳದ ಹಾಡು ಇತ್ತು. ಕರೆಂಟಿನ ಹಾಡು ಇತ್ತು. ಒಂಬತ್ತು, ಹತ್ತು. ಹನ್ನೊಂದನೆಯದು ಒಂದು ಭಜನೆ ಪದದ ಹೆಸರಿನಲ್ಲಿ ಅಡಗಿತ್ತು. ತೆರೆದಾಗ ಪ್ರತಾಪನ ಗಿಟಾರು ಕಿರುಚಿತು.

‘ಹನ್ನೊಂದು!’ ಎಂದ ಸಂಗನಬಸವ. ಹೋಗಿ ಒಂದು ಸ್ಪೀಕರಿನ ಮೇಲೆ ಕುಳಿತ.

‘ತಲಿಗೆ ಐತಲ್ಲ, ನನ್ನ ಒದರಾಟ, ಅದನ್ನ ಕತ್ತರಿಸಿ ಕೊಡ್ತೀನಿ’ ಎಂದ ಸೊಹೇಲ. ‘ಹತ್ತು ನಿಮಿಷದ ಕೆಲಸ.’

‘ಕತ್ತರಿಸಬ್ಯಾಡ’ ಎಂದಳು ವಿದ್ಯಾವತಿ. ಎಲ್ಲರೂ ಅವಳ ಕಡೆ ನೋಡಿದರು. ‘ಸೀಡಿನ್ನ ಗಂಧಕ ತಿಂದೈತಿ, ಲ್ಯಾಪ್‌ಟಾಪ್ ಸತ್ತೈತಿ. ಈ ಹಾಡು ಉಳಿದದ್ದು ಸೊಹೇಲ ಮೊಬೈಲ್‌ದಾಗ. ಪುಣೆದವರು ಕೇಳ್ಲಿ. ಹನ್ನೊಂದು ಸಲ ಕೇಳ್ಲಿ, ತಿಕೋಟಾ, ತಿಕೋಟಾ ಅಂತ.’

ಸೊಹೇಲ ಕಂಪ್ಯೂಟರಿನ ಕಡೆ ತಿರುಗಿದ. ಸ್ವಲ್ಪ ಹೊತ್ತು ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಹಾಡುಗಳು ಅಲ್ಲಿಂದಲೇ ಕುನಾಲನಿಗೆ ಹೋದವು. ವಿದ್ಯಾವತಿಯ ಫೋನಿಗೊಂದು ಪ್ರತಿ, ಪ್ರತಾಪನಿಗೊಂದು, ಸೊಹೇಲನ ಹೊಸ ಕಂಪ್ಯೂಟರಿಗೊಂದು. ಬಾಬು ತನ್ನ ಚಿಪ್ಪನ್ನು ತಿರುಗಿ ಪಡೆದು ಟವೆಲಿನ ಅಂಚಿನಿಂದ ಒರೆಸಿದ. ಸಂಗನಬಸವ ಜೇಬಿನಿಂದ ಪೆನ್‌ಡ್ರೈವು ತೆಗೆದು ಮುಂದೆ ಮಾಡಿದ. ‘ನನಗೂ ಒಂದು ಹಾಕು. ಇಲ್ಲ, ಎರಡು ಹಾಕು.’

‘ಇವಂಗ ಒಂದೂ ಬ್ಯಾಡ!’ ಮೂವರೂ ಒಟ್ಟಿಗೆ ಕೂಗಿದರು.

ಅವನು ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಅವಮಾನವಾಗಬೇಕಿತ್ತು, ಆಗಲಿಲ್ಲ. ಹಾಡು ಪ್ರತಾಪನ ಹತ್ತಿರ ಇತ್ತು, ಪುಣೆಯಲ್ಲಿತ್ತು, ಕಬ್ಬು ಕಡಿಯುವ ಹೆಂಗಸರ ಬಾಯಲ್ಲಿತ್ತು. ಅವನು ಕಾಯಬೇಕಾದದ್ದು ಇನ್ನು ಏನೂ ಇರಲಿಲ್ಲ. ಹೊರಗೆ ಚಂದ್ರಾಬಾಯಿ ಬುತ್ತಿಯ ಗಂಟು ಬಿಚ್ಚಿ ವಿದ್ಯಾವತಿಯನ್ನು ಕರೆದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಕೊಟ್ಟಳು. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಸಂಗನಬಸವನಿಗೆ ಆಗ ನೆನಪಾಯಿತು. ಅವನು ಹೋಗಿ ಅವರ ನಡುವೆ ಕೂತು ಕೈ ಚಾಚಿದ.